ಮನಸ್ಸು ಒಗೆಯುವ ವಿದ್ಯೆ

ಎಲ್ಲ ರಾಮಾಯಣಕ್ಕೂ ಕಾರಣ ಒಂದು ಬಿಳಿ ಅಂಗಿ. ಅದು ಬಟ್ಟೆ ಒಗೆಯುವ ಯಂತ್ರದೊಳಗೆ ಸಿಕ್ಕಿಕೊಂಡಿತ್ತು, ಯಂತ್ರ ಬಾಗಿಲು ಬಿಡಲೊಲ್ಲದು, ಲೆಕ್ಕದ ಮೇಷ್ಟ್ರು ಬನಿಯನ್ನಿನಲ್ಲೇ ಅದರ ಮುಂದೆ ನಿಂತಿದ್ದರು.

ಇನ್ನೊಂದು ಅಂಗಿ ಹಾಕಿಕೊಂಡರಾಯಿತು ಅಂತೀರಾ? ಅವತ್ತು ಹಾಗಾಗುತ್ತಿರಲಿಲ್ಲ. ಮಧ್ಯಾಹ್ನಕ್ಕೆ ಪ್ರಿನ್ಸಿಪಾಲರು ಕರೆದಿದ್ದರು. ಮೇಷ್ಟ್ರನ್ನು ಕೆಲಸದಲ್ಲಿ ಮುಂದುವರಿಸಬೇಕೋ ಬೇಡವೋ, ಮುಂದುವರಿಸಿದರೆ ಸಂಸಾರಸ್ಥರ ಮನೆ ಕೊಡಬೇಕೋ, ಈಗಿರುವ ಒಂಟಿ ಕೋಣೆಯೇ ಸಾಕೋ ಎನ್ನುವುದು ಆಗಲೇ ತೀರ್ಮಾನವಾಗಬೇಕಿತ್ತು. ಪರದೇಶದ ಈ ಶಾಲೆಗೆ ಬಂದು ಎರಡು ವರ್ಷವಾಗಿತ್ತು. ಹೆಂಡತಿ, ಮಗಳು ಊರಲ್ಲೇ ಇದ್ದರು. ಮಗಳು ಮೊನ್ನೆ ಫೋನಿನಲ್ಲಿ, "ಅಪ್ಪ, ನಿನ್ನ ಕಾಲು ಹೇಗಿತ್ತು ಅಂತಾನೇ ಮರ್ತೋಗಿದೆ. ಬರೀ ಮುಖ ಕಾಣುತ್ತೆ" ಅಂದಿದ್ದಳು. ಅವತ್ತಿನಿಂದ ಮೇಷ್ಟ್ರಿಗೆ ಅನ್ನ ಇಳಿಯುತ್ತಿರಲಿಲ್ಲ.

ಆ ಶಾಲೆಯ ವಿಚಾರವನ್ನೂ ಒಂದಿಷ್ಟು ಹೇಳಬೇಕು. ಅಲ್ಲಿ ಮಕ್ಕಳನ್ನು ಬೈಯುವಂತಿಲ್ಲ. ಹೊಡೆಯುವ ಮಾತು ದೂರ ಉಳಿಯಿತು, ಹುಬ್ಬು ಗಂಟಿಕ್ಕಿದರೂ ಪ್ರಿನ್ಸಿಪಾಲರ ಕೋಣೆಗೆ ಕರೆ ಬರುತ್ತಿತ್ತು. ಏಳೆಂಟಲ ಎಷ್ಟಪ್ಪಾ ಎಂದು ಕೇಳಿದರೆ, "ಮೂವತ್ತು ಇರಬಹುದು, ನನಗಂತೂ ಹಾಗನ್ನಿಸುತ್ತೆ" ಎನ್ನುವ ಹುಡುಗನಿಗೂ 'ಒಳ್ಳೆಯ ಪ್ರಯತ್ನ' ಎಂದು ಹಲ್ಲು ಬಿಡಬೇಕು. ಹಗಲೆಲ್ಲ ಹೀಗೆ ನುಂಗಿದ್ದು ಸಂಜೆ ಎಲ್ಲಾದರೂ ಹೊರಗೆ ಬರಬೇಕಲ್ಲ?

ಶಾಲೆಯವರೇ ಕೊಟ್ಟ ಆ ಕಟ್ಟಡದಲ್ಲಿ ನಾಲ್ಕಾರು ದೇಶಗಳ ಮೇಷ್ಟ್ರುಗಳಿದ್ದರು. ಒಬ್ಬೊಬ್ಬರದು ಒಂದೊಂದು ದಾರಿ. ಬಾಗಿಲಿನಷ್ಟೇ ಅಗಲವಿದ್ದ ವ್ಯಾಯಾಮದ ಮೇಷ್ಟ್ರು ಸಂಜೆ ಚಿಲಕ ಹಾಕಿಕೊಂಡು ಉಣ್ಣೆಯ ಕಾಲುಚೀಲ ಹೆಣೆಯುತ್ತಿದ್ದರು. ಅವರು ಹೆಣೆದ ಕಾಲುಚೀಲ ಹಾಕದ ಕಾಲು ಆ ಕಟ್ಟಡದಲ್ಲಿರಲಿಲ್ಲ. ಚಿತ್ರಕಲೆಯ ಟೀಚರಮ್ಮ ತಮ್ಮ ಕೋಣೆಯ ಒಂದೇ ಗೋಡೆಗೆ ತಿಂಗಳಿಗೊಂದು ಬಣ್ಣ ಬಳಿಯುತ್ತಿದ್ದರು. ನಗಬೇಡಿ. ತಮ್ಮ ಭಾಷೆಯಲ್ಲಿ 'ಅಯ್ಯೋ' ಅಂದರೂ ಅರ್ಥವಾಗುವವರಿಲ್ಲದ ಜಾಗ. ಜ್ವರ ಬಂದರೆ ತಮ್ಮ ಹಣೆ ತಾವೇ ಮುಟ್ಟಿ ನೋಡಿಕೊಂಡು, ಬೆಳಿಗ್ಗೆ ಎದ್ದು ತಲೆ ಬಾಚಿ, ನಗುನಗುತ್ತಾ ತರಗತಿಗೆ ಹೋಗುತ್ತಿದ್ದರಲ್ಲ, ಅವರಿಗೆ ನಾನಂತೂ ಕೈಮುಗಿಯುತ್ತೇನೆ.

ನಮ್ಮ ಮೇಷ್ಟ್ರ ದಾರಿ ನೆಲಮಾಳಿಗೆಯ ಕಡೆಗಿತ್ತು. ಯಾರೂ ಇಲ್ಲದ ಹೊತ್ತು ನೋಡಿ ಇಳಿದು, ಯಂತ್ರಕ್ಕೆ ಬಟ್ಟೆ ತುಂಬಿ, ಅದು ಸುತ್ತಲು ಶುರುಮಾಡಿತೋ ಇಲ್ಲವೋ, ಇವರು ಎದುರಿಗೆ ನಿಂತು ಅದನ್ನು ಕನ್ನಡದಲ್ಲಿ ಬೈಯುತ್ತಿದ್ದರು. ಊರಲ್ಲಿದ್ದಾಗ ಅವರ ಬಾಯಿಂದ ಒಂದು ಗಟ್ಟಿ ಮಾತು ಬಂದದ್ದನ್ನು ಕೇಳಿದವರಿಲ್ಲ. ಇಲ್ಲಿ ನೋಡಿದರೆ ತಡೆಯಿಲ್ಲದೆ ಹರಿಯುತ್ತಿತ್ತು. ಅದೂ ಬಹುವಚನದಲ್ಲಿ. ಯಂತ್ರಕ್ಕೂ ಮರ್ಯಾದೆ ಕೊಡುವಷ್ಟು ಸಭ್ಯರು, ಪಾಪ.

ಅವತ್ತು ಬೆಳಿಗ್ಗೆ ಅಂಗಿ ಒಳಗೆ, ಗಂಡಾಂತರ ಹೊರಗೆ ಆಗಿದ್ದರಿಂದ ದನಿ ಸ್ವಲ್ಪ ಏರಿತ್ತು.

"ಏನ್ರೀ ನಿಮ್ಮ ಕತೆ? ಇದ್ದಲ್ಲೇ ಗಿರಗಿರ ಸುತ್ತೋದು ಬಿಟ್ರೆ ಇನ್ನೇನು ಬರುತ್ತೆ ನಿಮಗೆ? ಬೆಳಿಗ್ಗೆಯಿಂದ ಒಂದೇ ಒಂದು ಕೆಲಸ ಹೇಳಿದೀನಿ. ಅದನ್ನೂ ಅರ್ಧಕ್ಕೆ ಬಿಟ್ಟು ಬಾಯಿ ಮುಚ್ಕೊಂಡು ಕೂತಿದೀರಲ್ಲ, ಗೋಡೆಗೆ ಹೇಳಿದ್ರೂ ಇಷ್ಟೊತ್ತಿಗೆ ಕೇಳ್ತಿತ್ತು. ಹೇಳಿ ಹೇಳಿ ಸಾಕಾಯ್ತು, ಬಾಯಿ ನೋವು ಬಂದೋಯ್ತು!"

ಟಕ್ ಅಂತ ಬಾಗಿಲು ತೆರೆಯಿತು.

ಮೇಷ್ಟ್ರು ಅಂಗಿ ಎಳೆದುಕೊಂಡು ತಿರುಗಿದರೆ, ಮೆಟ್ಟಿಲ ಮೇಲೆ ಚಿತ್ರಕಲೆಯ ಟೀಚರಮ್ಮ. ಕಂಕುಳಲ್ಲಿ ಬಟ್ಟೆಬುಟ್ಟಿ, ಕಣ್ಣು ಮುಚ್ಚಿತ್ತು, ಮುಖದಲ್ಲಿ ಎಂಥದೋ ಕಳೆ. ಅಲ್ಲಿಯವರೆಲ್ಲ ತಮ್ಮತಮ್ಮಲ್ಲಿ ಆಡುತ್ತಿದ್ದುದು ಇಂಗ್ಲಿಷು. ನಮ್ಮ ಅನುಕೂಲಕ್ಕೆ ನಾನು ಕನ್ನಡದಲ್ಲೇ ಹೇಳಿಬಿಡುತ್ತೇನೆ.

"ಎಷ್ಟು ಹಿತವಾಗಿತ್ತು ಗೊತ್ತಾ? ತಿಂಗಳಿಂದ ತಲೆಯೊಳಗೆ ಏನೋ ಕೊರೀತಿತ್ತು, ಈಗ ನಿಂತೋಯ್ತು. ಏನದು, ಪ್ರಾರ್ಥನೆನಾ?" ಎಂದರು.

ಬೈಗುಳ ಅಂದರೆ ಕೆಟ್ಟೆ ಎಂದುಕೊಂಡರು ಮೇಷ್ಟ್ರು. ಯಂತ್ರವನ್ನು ಬೈಯುವವನು ನಾಳೆ ಮಗುವನ್ನು ಬೈಯುವುದಿಲ್ಲ ಎಂದು ಏನು ಖಾತ್ರಿ? ಮಾತು ಪ್ರಿನ್ಸಿಪಾಲರಿಗೆ ಮುಟ್ಟಿದರೆ ಮನೆಯೂ ಇಲ್ಲ, ಮಠವೂ ಇಲ್ಲ. ಬಾಯಿಗೆ ಬಂದದ್ದನ್ನು ಹೇಳಿದರು: ಇದು ತಮ್ಮ ಕಡೆಯ ಒಂದು ವಿದ್ಯೆ, ಬಟ್ಟೆಯ ಜೊತೆ ಮನಸ್ಸನ್ನೂ ಒಗೆಯುವುದು.

"ಯಾರು ಹೇಳಿಕೊಟ್ರು?"

"ಗುರುಗಳು ಊರಲ್ಲಿದ್ದಾರೆ. ವರ್ಷಗಟ್ಟಲೆ ಎದುರಿಗೆ ಕೂತು ಕಲ್ತಿದ್ದು," ಎಂದು ಮೇಷ್ಟ್ರು ತಲೆ ತಗ್ಗಿಸಿದರು. ದಯವಿಟ್ಟು ಯಾರಿಗೂ ಹೇಳಬೇಡಿ ಎಂದು ಬೇಡಿಕೊಂಡರು.

ಟೀಚರಮ್ಮನಿಗೆ 'ಯಾರಿಗೂ ಹೇಳಬೇಡಿ' ಅನ್ನುವುದೂ ಒಂದೇ, ಡಂಗುರ ಹೊಡೆಸುವುದೂ ಒಂದೇ. ಮೇಷ್ಟ್ರು ಅಂಗಿಗೆ ಇಸ್ತ್ರಿ ಹಾಕಿ ಶಾಲೆಗೆ ಬರುವಷ್ಟರಲ್ಲಿ ಸ್ಟಾಫ್ ರೂಮಿಗೆಲ್ಲ ಸುದ್ದಿ ಮುಟ್ಟಿತ್ತು. ಯಾವತ್ತೂ ಎದ್ದವರಲ್ಲದ ವ್ಯಾಯಾಮದ ಮೇಷ್ಟ್ರು ಎದ್ದು ಕುರ್ಚಿ ಎಳೆದುಕೊಟ್ಟರು. ಆಮೇಲೆ ತೋಳು ಹಿಡಿದು ಆಟದ ಸಾಮಾನಿನ ಕೋಣೆಗೆ ಕರೆದೊಯ್ದು, ಚೆಂಡುಗಳ ರಾಶಿಯ ನಡುವೆ ನಿಲ್ಲಿಸಿ, ತನಗೂ ನಾಲ್ಕು ಮಾತು ಹೇಳಲೇಬೇಕು, ಊರು ಬಿಟ್ಟಾಗಿನಿಂದ ಎದೆಯ ಮೇಲೆ ಕಲ್ಲಿಟ್ಟ ಹಾಗಿದೆ ಎಂದು ಹಟ ಹಿಡಿದರು. ಅಷ್ಟು ದೊಡ್ಡ ಆಳು ಬಾಗಿಲಿಗೆ ಅಡ್ಡ ನಿಂತರೆ ಬೇರೆ ದಾರಿ ಎಲ್ಲಿದೆ? ಮೇಷ್ಟ್ರು ಚೆಂಡುಗಳ ಕಡೆ ನೋಡುತ್ತಾ, ಮೆಲುದನಿಯಲ್ಲಿ, ತಿಂದ ತಟ್ಟೆ ಎತ್ತಿಡದವರ ಬಗ್ಗೆಯೂ ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆಯುವವರ ಬಗ್ಗೆಯೂ ಒಂದಿಷ್ಟು ಹೇಳಿದರು. ಕೇಳುತ್ತಾ ಕೇಳುತ್ತಾ ವ್ಯಾಯಾಮದ ಮೇಷ್ಟ್ರ ಕಣ್ಣಲ್ಲಿ ನೀರು.

"ಒಂದು ಪದವೂ ಗೊತ್ತಾಗ್ಲಿಲ್ಲ. ಆದ್ರೆ ನಮ್ಮಮ್ಮನ ನೆನಪಾಯ್ತು," ಎಂದರು.

ಹೊರಗೆ ಬಂದರೆ ಬಾಗಿಲಲ್ಲಿ ಇನ್ನೂ ಮೂವರು ಸಾಲು ನಿಂತಿದ್ದರು.

ಮಧ್ಯಾಹ್ನ ಪ್ರಿನ್ಸಿಪಾಲರ ಕೋಣೆ. ದುಂಡನೆಯ ಮುಖ, ನುಣ್ಣನೆಯ ಬೋಳುತಲೆ, ಹೊಳೆಯುವ ದಪ್ಪ ಗಾಜಿನ ಕನ್ನಡಕ. 'ಬೈಯಬಾರದು' ಎಂಬ ನಿಯಮ ತಂದವರೇ ಅವರು. ಬಾಗಿಲು ಹಾಕಿ ಬಂದು, ಕನ್ನಡಕ ತೆಗೆದು ಒರೆಸಿ, ತಾನೂ ಇಲ್ಲಿಗೆ ಹೊರಗಿನವನೇ, ನಿದ್ದೆ ಮಾಡಿ ಎಷ್ಟೋ ಕಾಲವಾಯಿತು, ಎಲ್ಲರಿಗೂ ಧೈರ್ಯ ಹೇಳುವ ಕುರ್ಚಿಯಲ್ಲಿ ಕೂತವನಿಗೆ ಧೈರ್ಯ ಹೇಳುವವರು ಯಾರೂ ಇಲ್ಲ ಎಂದರು. ಮೇಷ್ಟ್ರಿಗೆ ಕರುಳು ಚುರ್ ಅಂದಿತು. ಅದು ಪೂರ್ತಿ ಚುರ್ ಅನ್ನುವಷ್ಟರಲ್ಲಿ ಪ್ರಿನ್ಸಿಪಾಲರು ಕನ್ನಡಕ ಹಾಕಿಕೊಂಡಾಗಿತ್ತು.

"ಸಂಜೆ ಹಾಲ್‌ನಲ್ಲಿ ಎಲ್ಲರ ಮುಂದೆ ನಿಮ್ಮ ವಿದ್ಯೆ ತೋರಿಸಿ. ನಿಜ ಆಗಿದ್ರೆ ನಿಮ್ಮಂಥವರನ್ನ ಬಿಡೋ ಮಾತೇ ಇಲ್ಲ, ಸಂಸಾರದ ಮನೆ ನಿಮ್ಮದು. ಬರೀ ಬೂಟಾಟಿಕೆ ಆಗಿದ್ರೆ, ಜೊತೆಯವರನ್ನ ಮರುಳು ಮಾಡೋರು ನಮಗೆ ಬೇಡ. ನೀವು ಊರಿಗೆ ಹೊರಡಬಹುದು."

ಸಂಜೆಯ ಹೊತ್ತಿಗೆ ಮೇಷ್ಟ್ರ ಬಿಳಿ ಅಂಗಿ ಬೆವರಿಗೆ ಒದ್ದೆಯಾಗಿ, ಮತ್ತೆ ಯಂತ್ರಕ್ಕೆ ಹಾಕುವ ಸ್ಥಿತಿಗೆ ಬಂದಿತ್ತು. ಹಾಲ್ ತುಂಬಾ ಜನ. ಮುಂದಿನ ಸಾಲಿನಲ್ಲಿ ಪ್ರಿನ್ಸಿಪಾಲರು. ಎಲ್ಲರೂ ಕಣ್ಣು ಮುಚ್ಚಿದರು, ಮೇಷ್ಟ್ರು ಬಾಯಿ ತೆರೆದರು, ಮಾತೇ ಹೊರಡಲಿಲ್ಲ. ಬೈಯಬೇಕೆಂದರೆ ಎದುರಿಗೆ ಒಂದು ಯಂತ್ರವಾದರೂ ಬೇಡವೇ? ಟೀಚರಮ್ಮ ಒಂದು ಕಣ್ಣು ತೆರೆದು ನೋಡಿದರು. ವ್ಯಾಯಾಮದ ಮೇಷ್ಟ್ರು ಕೆಮ್ಮಿದರು. ಮಗಳಿಗೆ ಇನ್ನು ಕಾಲು ತೋರಿಸಿದ ಹಾಗೇ ಎಂದುಕೊಂಡು ಮೇಷ್ಟ್ರು ತಲೆ ಎತ್ತಿದಾಗ ಪ್ರಿನ್ಸಿಪಾಲರ ತಲೆ ಕಂಡಿತು. ದುಂಡಗೆ, ನುಣ್ಣಗೆ, ದೀಪದ ಬೆಳಕಿಗೆ ಥಳಥಳ ಹೊಳೆಯುತ್ತಿತ್ತು. ಥೇಟು ಯಂತ್ರದ ದುಂಡು ಗಾಜಿನ ಬಾಗಿಲು.

ಅಷ್ಟು ಸಾಕಾಯಿತು. ಕಟ್ಟೆ ಒಡೆದ ಹಾಗೆ ಮಾತು ನುಗ್ಗಿತು.

"ಏನ್ರೀ ನೀವು, ಕಣ್ಣು ಮುಚ್ಕೊಂಡ್ರೆ ಕೆಲಸ ಆಗೋಯ್ತಾ? ಮೂರು ಹೊತ್ತೂ ಉಪದೇಶ! ಇನ್ನೊಬ್ಬರ ಮನಸ್ಸಲ್ಲಿ ಏನಿದೆ ಅಂತ ಒಂದಿನ ಕೇಳಿದೀರಾ? ಕಿವಿ ಇರೋದು ಕನ್ನಡಕ ನೇತುಹಾಕೋಕಾ? ಹೇಳಿ ಹೇಳಿ ಸಾಕಾಯ್ತು, ಬಾಯಿ ನೋವು ಬಂದೋಯ್ತು!"

ಕೊನೆಯ ಸಾಲು ಮತ್ತೆ ಮತ್ತೆ ಬರುತ್ತಿದ್ದುದರಿಂದ ಎಲ್ಲರಿಗೂ ಬಾಯಿಪಾಠವಾಯಿತು. ಮೊದಲು ಟೀಚರಮ್ಮ ದನಿಗೂಡಿಸಿದರು, ಆಮೇಲೆ ವ್ಯಾಯಾಮದ ಮೇಷ್ಟ್ರು. ಸ್ವಲ್ಪ ಹೊತ್ತಿನಲ್ಲಿ ಇಡೀ ಹಾಲ್ 'ಹೇಳಿ ಹೇಳಿ ಸಾಕಾಯ್ತು' ಎಂದು ತೂಗಾಡುತ್ತಿತ್ತು. ಒಬ್ಬರು ಅತ್ತರು, ಇಬ್ಬರು ಕೈ ಕೈ ಹಿಡಿದುಕೊಂಡರು. ಪ್ರಿನ್ಸಿಪಾಲರು ಕೂತಲ್ಲೇ ಗೊರಕೆ ಹೊಡೆದರು. ಎಷ್ಟೋ ಕಾಲದ ನಿದ್ದೆ. ಎಬ್ಬಿಸಲು ಯಾರಿಗೂ ಮನಸ್ಸು ಬರಲಿಲ್ಲ, ಎಲ್ಲರೂ ಉಸಿರು ಬಿಗಿಹಿಡಿದು ಕಾದರು.

ಎಚ್ಚರವಾದ ಮೇಲೆ ಅವರು ಮೇಷ್ಟ್ರ ಎರಡೂ ಕೈ ಹಿಡಿದು, ಸಂಸಾರವನ್ನು ಕರೆಸಿಕೊಳ್ಳಿ, ಮನೆ ನಿಮ್ಮದು ಎಂದರು. ದಿನಾ ಬೆಳಿಗ್ಗೆ ಈ ವಿದ್ಯೆ ಹೇಳಿಕೊಡಬೇಕು ಎಂದೂ ಸೇರಿಸಿದರು. ಮೇಷ್ಟ್ರಿಗೆ ಮೊದಲನೆಯ ಮಾತು ಬಿಟ್ಟು ಬೇರೇನೂ ಕೇಳಿಸಲಿಲ್ಲ. ನಿಂತಲ್ಲೇ ಹೆಂಡತಿಗೆ ವಿಡಿಯೋ ಕಾಲ್ ಮಾಡಿ, "ಮನೆ ಸಿಕ್ತು ಕಣೇ, ಇಬ್ರೂ ಹೊರಡಿ!" ಎಂದು ಕೂಗಿದರು. ಆ ಕಡೆ ಮಗಳು ಕುಣಿದಾಡಿ, "ಅಪ್ಪ, ಕಾಲು!" ಎಂದಳು. ಮೇಷ್ಟ್ರು ಫೋನನ್ನು ಕೆಳಗಿಳಿಸಿ ಕಾಲುಚೀಲ ಸಮೇತ ಎರಡೂ ಕಾಲು ತೋರಿಸಿದರು.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಪ್ರಿನ್ಸಿಪಾಲರು ಆ ತಾಯಿಗೆ ತಾನೊಂದು ನಮಸ್ಕಾರ ಹೇಳಬೇಕು ಎಂದು ಫೋನ್ ತೆಗೆದುಕೊಂಡರು. ಕೈಮುಗಿದು, ಭಕ್ತಿಯಿಂದ, ತೊದಲು ಕನ್ನಡದಲ್ಲಿ ಒಪ್ಪಿಸಿದರು.

"ಹೇಳಿ ಹೇಳಿ ಸಾಕಾಯ್ತು. ಬಾಯಿ ನೋವು ಬಂದೋಯ್ತು."

ಫೋನಿನೊಳಗಿಂದ ಹೆಂಡತಿಯ ದನಿ ಬಂತು.

"ರೀ, ಯಾರಿವರು? ನನ್ನ ಮಾತು ಇವರ ಬಾಯಿಗೆ ಹೇಗೆ ಬಂತು?"

ಮೇಷ್ಟ್ರಿಗೆ ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಊರು ಬಿಟ್ಟ ಮೊದಲ ತಿಂಗಳು, ಅಬ್ಬಾ, ಬೈಯುವವರಿಲ್ಲ ಎಂದು ಹಾಯಾಗಿದ್ದದ್ದು ನಿಜ. ಎರಡನೆಯ ತಿಂಗಳಿಗೆ ಆ ನಿಶ್ಶಬ್ದವೇ ತಿನ್ನಲು ಬಂದಿತ್ತು.

"ನೀನಿಲ್ದೆ ಕೋಣೆ ಬಿಕೋ ಅಂತಿತ್ತು ಕಣೇ. ಅದಕ್ಕೆ ನೀನು ಬೈಯೋದನ್ನ ನಾನೇ ಬೈಕೊಂಡು ಕೇಳಿಸ್ಕೊಳ್ತಿದ್ದೆ," ಎಂದರು.

ಆ ಕಡೆ ಒಮ್ಮೆ ಮೂಗು ಎಳೆದ ಸದ್ದು. ಸೆರಗಿನಿಂದ ಕಣ್ಣೊರೆಸಿಕೊಂಡದ್ದೂ ಆಯಿತು. ಮರುಕ್ಷಣ ಹಾಲ್ ನಡುಗುವ ಹಾಗೆ ಶುರುವಾಯಿತು.

"ಅಷ್ಟು ಬೇಜಾರಾಗಿದ್ರೆ ಒಂದು ಮಾತು ನನಗೆ ಹೇಳೋಕೇನಾಗಿತ್ತು? ನಾನೇ ದಿನಾ ಫೋನ್ ಮಾಡಿ ಬೈತಿರ್ಲಿಲ್ವಾ? ಅದು ಬಿಟ್ಟು ಮನೆ ಮಾತನ್ನೆಲ್ಲ ಊರಿಗೆಲ್ಲ ಹಂಚಿದೀರಲ್ಲ, ಏನ್ರೀ ನಿಮ್ಮ ಕತೆ..."

ಮೇಷ್ಟ್ರು ಫೋನ್ ಕಿತ್ತುಕೊಳ್ಳಲು ಹೋದರು. ಪ್ರಿನ್ಸಿಪಾಲರು ಕೈ ಅಡ್ಡ ಹಿಡಿದರು. ಹಾಲ್‌ನಲ್ಲಿ ಒಬ್ಬೊಬ್ಬರಾಗಿ ಎಲ್ಲರೂ ಕೂತು ಕಣ್ಣು ಮುಚ್ಚಿದ್ದರು. ವ್ಯಾಯಾಮದ ಮೇಷ್ಟ್ರು ಬಿಕ್ಕುತ್ತಿದ್ದರು. ಟೀಚರಮ್ಮ ಪಿಸುಗುಟ್ಟಿದರು, "ಗುರುಗಳು ಊರಲ್ಲಿದ್ದಾರೆ ಅಂದಿರಲ್ಲ, ಇವರೇನಾ?"

ಮೇಷ್ಟ್ರು ಹೌದೆಂದು ತಲೆಯಾಡಿಸಿದರು.

ಪ್ರಿನ್ಸಿಪಾಲರಿಗೆ ತೀರ್ಮಾನ ಮಾಡಲು ಹೊತ್ತು ಹಿಡಿಯಲಿಲ್ಲ. ಗುರುಗಳೇ ಬರುತ್ತಿರುವಾಗ ಶಿಷ್ಯನ ಪಾಠ ಯಾಕೆ? ದಿನಾ ಬೆಳಿಗ್ಗೆ ಅವರೇ ಹೇಳಿಕೊಡಲಿ, ಅದಕ್ಕೆ ಸಂಬಳವೂ ಉಂಟು ಎಂದರು. ಮೇಷ್ಟ್ರಿಗೆ ಹೋದ ಜೀವ ಬಂದ ಹಾಗಾಯಿತು. ಹಾಗಾದರೆ ಬೆಳಗಿನ ಪಾಠದಿಂದ ತನಗೆ ಬಿಡುಗಡೆಯಲ್ಲವೇ ಎಂದು ಕೇಳಿದರು.

"ಬಿಡುಗಡೆ ಎಲ್ಲಿಂದ ಬಂತು? ಒಗೆಯೋ ವಿದ್ಯೆ ಅಂದ್ಮೇಲೆ ಅವರ ಎದುರಿಗೆ ಯಂತ್ರ ಬೇಕಲ್ವಾ? ನೆಲಮಾಳಿಗೆಯಿಂದ ಅದನ್ನ ಹೊತ್ತು ತರೋಕಾಗುತ್ತಾ? ಅದರ ಜಾಗದಲ್ಲಿ ನೀವು ಕೂತ್ಕೊಳ್ಳಿ," ಎಂದರು ಪ್ರಿನ್ಸಿಪಾಲರು.

ಏನಂತೆ, ಏನಂತೆ ಎಂದು ಫೋನಿನೊಳಗಿಂದ ಹೆಂಡತಿ ಕೇಳುತ್ತಲೇ ಇದ್ದರು. ಬೇರೆ ದಾರಿಯಿಲ್ಲದೆ ಮೇಷ್ಟ್ರೇ ಅದನ್ನು ಕನ್ನಡಕ್ಕೆ ತಂದು ಹೇಳಿದರು.

"ಅಷ್ಟೇನಾ?" ಎಂದರು ಅವರು. "ಕೂತ್ಕೊಳ್ಳಿ, ನಿಮಗೇನು ಹೊಸದಾ?"