ಪ್ರೊಫೆಸರ್ ಹಸಿರಾದ ದಿನ

ಗಾಜು ಹಸಿರಾಗಿ ಬಂತು. ಬೆಳ್ಳಗೆ ಬರಬೇಕಿತ್ತು.

ಮರ್ವ್ ನಿಚ್ಕೆ ಇಕ್ಕಳ ಕೆಳಗಿಟ್ಟು, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದ. ಅಚ್ಚಿನೊಳಗಿನ ಬಿಲ್ಲೆಯ ಕೆಂಪು ಇಳಿದಿತ್ತು. ಉಳಿದದ್ದು ಬಿಸ್ಕತ್ತಿನಗಲದ, ವೈನ್ ಬಾಟಲಿಯ ತಳದಂಥ ಹಸಿರು. ಅಡಿಯ ಗೀರು ಕಾಣುವಷ್ಟು ತಿಳಿ. ಆ ಹಸಿರಿನೊಳಗೆ ಪ್ರೊಫೆಸರ್ ಆಲ್ವಿನ್ ಟ್ರೆಗೆನ್ಜಾ ಇದ್ದರು.

ಹೋದ ತಿಂಗಳು ತೀರಿಕೊಂಡ ಟ್ರೆಗೆನ್ಜಾ, ಆಸ್ಟ್ರೇಲಿಯಾದ ಅಡಿಲೇಡಿನ ವಿಶ್ವವಿದ್ಯಾಲಯದ ನೆಲಮಾಳಿಗೆಯಲ್ಲಿ ನಲವತ್ತು ವರ್ಷ ಒಂದೇ ಕೆಲಸ ಮಾಡಿದ್ದರು. ಒಂದು ವಸ್ತುವಿನೊಳಗೆ ಬೆಳಕು ಹೇಗೆ ಹಾಯುತ್ತದೆ, ಬಿಸಿ ಹೇಗೆ ಹರಿಯುತ್ತದೆ ಎಂದು ಅಳೆಯುವುದು. ಮೊದಲು ಗಾಜು, ಆಮೇಲೆ ಮೂಳೆ, ಹಲ್ಲು, ಮೀನಿನ ಕಣ್ಣು. ಆಸ್ಪತ್ರೆಯ ಹಾಸಿಗೆಯಿಂದ ಹೇಳಿಕಳಿಸಿದ ಕೊನೆಯ ಆಸೆಯೂ ಅದೇ ಜಾತಿಯದು. "ನನ್ನ ಬೂದೀನ ಗಾಜಿಗೆ ಹಾಕಿ ಕರಗಿಸಿ. ಬೆಳಕು ಬಿಟ್ಟು ನೋಡಿ, ಬಿಸಿ ಬಿಟ್ಟು ನೋಡಿ. ಏನು ಬರುತ್ತೋ ಅದನ್ನ ಹೇಜಲ್ ಕೈಗೆ ಕೊಡಿ. ಭಾಷಣ ಬೇಡ."

ಹೆಂಡತಿ ಹೇಜಲ್ ಒಂದು ದಿನ ತಾವೇ ಬಂದು, ಏಪ್ರಿಕಾಟ್ ಜಾಮಿನ ಖಾಲಿ ಬಾಟಲಿಯಲ್ಲಿ ನಾಲ್ಕು ಚಮಚ ಬೂದಿ ಕೊಟ್ಟು ಹೋಗಿದ್ದರು. ಇವತ್ತು ಸಂಜೆ ಮೇಲಿನ ಸಭಾಂಗಣದಲ್ಲಿ ಸ್ಮರಣೆಯ ಕೂಟ. ಬಿಲ್ಲೆಯನ್ನು ಅವರ ಕೈಗೆ ಕೊಡಬೇಕು.

ಮೂಳೆಯ ಬೂದಿ ಬೆರೆತ ಗಾಜು ಹಾಲಿನಂತೆ ಬೆಳ್ಳಗಾಗುತ್ತದೆ. ಮೂಳೆಯ ಫಾಸ್ಫೇಟ್ ಗಾಜಿನೊಳಗೆ ಸಣ್ಣ ಸಣ್ಣ ಕಣಗಳಾಗಿ ನಿಂತು ಬೆಳಕನ್ನು ಚದುರಿಸುತ್ತದೆ. ಗಾಜಿನ ಕೆಲಸದವರಿಗೆಲ್ಲ ಶತಮಾನಗಳಿಂದ ಗೊತ್ತಿರುವ ಸಂಗತಿ ಇದು. ಮರ್ವ್‌ಗಂತೂ ಬಾಯಿಪಾಠ. ಹಾಗಾಗಿ ತಪ್ಪು ತನ್ನದೇ ಎಂದು ಅವನಿಗೆ ಖಾತ್ರಿಯಾಯಿತು.

ಬೆಳಗಿನಿಂದಲೇ ಲಕ್ಷಣ ಚೆನ್ನಾಗಿರಲಿಲ್ಲ. ಕುಲುಮೆಗಿಟ್ಟ ಮೂಸೆಯೊಳಗಿನ ಮಿಶ್ರಣ ಹಾಲಿನಂತೆ ನೊರೆಯೆದ್ದು ಉಕ್ಕಿತ್ತು. ಪಕ್ಕದ ಕೋಣೆಯಲ್ಲಿ ಮೂಳೆಗಳ ಬಿಸಿ ಅಳೆಯುವ ವೂಲಾ ಪಪ್ಪಾಸ್ ಬಾಗಿಲಲ್ಲಿ ನಿಂತು ನೋಡಿ, "ಬದುಕಿದ್ದಾಗಲೂ ಇವರು ಹಿಂಗೇ. ಸ್ವಲ್ಪ ಬಿಸಿ ತಾಗಿದ್ರೆ ಸಾಕು, ಉಕ್ಕೋರು," ಎಂದು ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಿದ್ದಳು.

ಮರ್ವ್ ಹಸಿರು ಬಿಲ್ಲೆಯನ್ನು ನಿಧಾನವಾಗಿ ತಣಿಸುವ ಸಣ್ಣ ಒಲೆಯೊಳಗೆ ಇಟ್ಟು ಬಾಗಿಲು ಹಾಕುವಷ್ಟರಲ್ಲಿ ವಿಭಾಗದ ಮುಖ್ಯಸ್ಥ ಡಂಕನ್ ಪೈಕ್ ಕಾಫಿ ಲೋಟ ಹಿಡಿದು ಮೆಟ್ಟಿಲಿಳಿದು ಬಂದ.

"ಆಯ್ತಾ?"

"ಆಯ್ತು. ಆದ್ರೆ ಹಸಿರು."

"ಹಸಿರು ಅಂದ್ರೆ?"

"ಹಸಿರು ಅಂದ್ರೆ ಹಸಿರು, ಡಂಕನ್. ಹುಲ್ಲು. ಗಿಳಿ. ಅದು."

ಡಂಕನ್ ಒಲೆಯ ಕಿಂಡಿಯಲ್ಲಿ ಇಣುಕಿದ. ಎದ್ದು ನಿಂತಾಗ ಅವನ ಮುಖವೂ ಆ ಬಣ್ಣಕ್ಕೆ ಹತ್ತಿರವಿತ್ತು.

"ನೋಡು ಮರ್ವ್, ನಾಳೆ ಬೆಳಿಗ್ಗೆ ಆಡಳಿತ ಮಂಡಳಿ ಸಭೆ. ಈ ಕುಲುಮೆ ಕೋಣೆ ಮುಚ್ಚಬೇಕಾ ಬೇಡವಾ ಅಂತ ಓಟು. ಅರ್ಧ ಜನ ಆ ಕಡೆ, ಅರ್ಧ ಜನ ಈ ಕಡೆ. ಹೇಜಲ್ ಇನ್ನೂ ಬಾಯಿ ಬಿಟ್ಟಿಲ್ಲ. ಅವರು ಮಂಡಳಿ ಸದಸ್ಯೆ ಅನ್ನೋದು ನೆನಪಿದೆ ತಾನೆ? ಗಂಡನ್ನ ಕೈಲಿ ಹಿಡ್ಕೊಂಡು, ಕಣ್ಣೊರೆಸ್ಕೊಂಡು ಮನೆಗೆ ಹೋದ್ರೆ ಕುಲುಮೆ ಉಳಿಯುತ್ತೆ. ಬಿಯರ್ ಬಾಟಲಿ ಚೂರು ಹಿಡ್ಕೊಂಡು ಹೋದ್ರೆ..."

ಮುಂದಿನದನ್ನು ಹೇಳಬೇಕಾಗಿರಲಿಲ್ಲ. ಕುಲುಮೆ ಹೋದರೆ ಕುಲುಮೆಯವನೂ ಹೋಗುತ್ತಾನೆ. ಮರ್ವ್‌ಗೆ ಐವತ್ತೆಂಟು. ಗಾಜು ಕರಗಿಸುವುದು ಬಿಟ್ಟರೆ ಅವನಿಗೆ ಬರುತ್ತಿದ್ದದ್ದು ಕಾರು ಹಿಂದಕ್ಕೆ ತೆಗೆಯುವುದು ಮಾತ್ರ. ಅದೂ ಅಷ್ಟಕ್ಕಷ್ಟೆ.

ಸುದ್ದಿ ಕೇಳಿ ಲೇಸರ್ ಕೋಣೆಯಿಂದ ಗ್ರೆಗ್ ಹಾಲೊರನ್ ಓಡಿಬಂದ. ಬಿಲ್ಲೆಗೆ ಬೆಳಕು ಬಿಟ್ಟು ಅಳೆಯುವುದು ಅವನ ಪಾಲಿನ ಕೆಲಸ. ಪಕ್ಕದ ಕೋಣೆಯಿಂದ ವೂಲಾ ಕೂಡ ಬಂದಳು. ಬಂದ ಮೂವರೂ ಒಲೆಯ ಸುತ್ತ ನಿಂತು, ಆಸ್ಪತ್ರೆಯ ಮುಂದೆ ನಿಂತ ನೆಂಟರ ಹಾಗೆ ಒಬ್ಬೊಬ್ಬರು ಒಂದೊಂದು ಕಾರಣ ಹೇಳತೊಡಗಿದರು.

"ಕಬ್ಬಿಣ. ಹಸಿರು ಅಂದ್ರೆ ಕಬ್ಬಿಣವೇ," ಎಂದಳು ವೂಲಾ. "ಕೊನೆಗಾಲದಲ್ಲಿ ರಕ್ತ ಕಮ್ಮಿ ಅಂತ ಡಾಕ್ಟರು ಮುಷ್ಟಿ ಮುಷ್ಟಿ ಕಬ್ಬಿಣದ ಮಾತ್ರೆ ತಿನ್ನಿಸಿರ್ತಾರೆ."

"ಮಾತ್ರೆಗೆ ಇಷ್ಟು ಬಣ್ಣ ಬರುತ್ತಾ? ಅದು ವೈನ್," ಎಂದ ಗ್ರೆಗ್. "ನಲವತ್ತು ವರ್ಷ ಬರೋಸಾದ ರೆಡ್ ವೈನ್ ಕುಡಿದ ಮನುಷ್ಯ. ಒಳಗಿನ ವೈನ್ ಖಾಲಿ ಆಯ್ತು, ಬಾಟಲಿ ಉಳೀತು."

"ತಮಾಷೆ ಸಾಕು ಕಣೋ. ಮರ್ವ್, ಮೂಸೆ ತೊಳೆದಿದ್ಯಾ?" ಎಂದ ಡಂಕನ್.

"ಹೊಸಾ ಮೂಸೆ."

"ಮರಳು?"

"ನಿನ್ನೆ ಒಡೆದ ಡಬ್ಬಿ."

"ಹಾಗಾದ್ರೆ ನಿನ್ನ ಕೈ."

ಮರ್ವ್ ತನ್ನ ಕೈ ನೋಡಿಕೊಂಡ. ಮಧ್ಯಾಹ್ನದವರೆಗೆ ಒಲೆ ಯಾರೂ ಮುಟ್ಟಬಾರದು, ಗಾಜು ಒಂದೇ ಸಲ ತಣ್ಣಗಾದರೆ ಒಳಗೊಂದು ಎಳೆತ, ಹೊರಗೊಂದು ಎಳೆತ ಆಗಿ ಸಿಡಿಯುತ್ತದೆ ಎಂದು ಮೂವರಿಗೂ ಎಚ್ಚರಿಕೆ ಹೇಳಿದ. ಮೂವರಿಗೂ ಅದು ಅವನಷ್ಟೇ ಗೊತ್ತಿತ್ತು. ಒಬ್ಬನಂತೂ ಅದರ ಮೇಲೆಯೇ ಡಾಕ್ಟರೇಟ್ ಪಡೆದಿದ್ದ. ಮರ್ವ್ ಉಚ್ಚೆ ಹೊಯ್ಯಲು ಹೋಗಿ ಬರುವಷ್ಟರಲ್ಲಿ ಆ ಡಾಕ್ಟರೇಟ್ ಪಡೆದವನೇ ಒಲೆಯ ಬಾಗಿಲು ತೆಗೆದಿದ್ದ.

"ಒಂದೇ ಒಂದು ಸಲ ಬೆಳಕು ಬಿಟ್ಟು ನೋಡೋಣ ಅಂತ," ಎಂದ ಗ್ರೆಗ್, ಕೈಯಲ್ಲಿ ಖಾಲಿ ಇಕ್ಕಳ ಹಿಡಿದು.

ನೆಲದ ಮೇಲೆ ಪ್ರೊಫೆಸರ್ ಹರಡಿಕೊಂಡಿದ್ದರು. ದೊಡ್ಡ ಚೂರು ಅಕ್ಕಿಕಾಳಿನಷ್ಟಿತ್ತು.

ಆಮೇಲೆ ಗ್ರೆಗ್ ಪೊರಕೆ ಹುಡುಕಿ ತಂದು, ತಾನು ಮಾಡಿದ್ದನ್ನು ತಾನೇ ಸ್ವಚ್ಛಮಾಡುವ ಸಭ್ಯತೆಯಿಂದ ಎಲ್ಲವನ್ನೂ ಗುಡಿಸಿ ಹೊರಗಿನ ಗಾಜಿನ ತೊಟ್ಟಿಗೆ ಸುರಿದು ಬಂದ. ಹಿಂದಿನ ದಿನ ಯಾರದೋ ನಿವೃತ್ತಿಯ ಪಾರ್ಟಿಯ ವೈನ್ ಬಾಟಲಿಗಳಿಂದ ಆ ತೊಟ್ಟಿ ಅರ್ಧ ತುಂಬಿತ್ತು. ಗ್ರೆಗ್ ಹಿಂದೆಯೇ ಕ್ಯಾಂಟೀನಿನವನು ಬಂದು ಇನ್ನರ್ಧ ತುಂಬಿ, ಜಾಗವಾಗಲೆಂದು ಮೇಲಿನಿಂದ ಒಂದು ಸಲಾಕೆಯಲ್ಲಿ ಕುಟ್ಟಿ ಹೋದ.

"ಬೂದಿ ಎಷ್ಟಿದೆ?" ಎಂದ ಡಂಕನ್.

"ಇಲ್ಲ. ಎಲ್ಲಾ ಹಾಕ್ಬಿಟ್ಟೆ."

"ಹೇಜಲ್‌ಗೆ ಫೋನ್ ಮಾಡಿ ಇನ್ನೊಂದೆರಡು ಚಮಚ..."

"ಏನಂತ ಮಾಡ್ಲಿ? 'ನಿಮ್ಮ ಯಜಮಾನ್ರು ಮುಗಿದುಹೋದ್ರು, ಸ್ಟಾಕ್ ಇದ್ರೆ ಕಳಿಸಿ' ಅಂತಲಾ?"

ವೂಲಾ ತನ್ನ ಕೋಣೆಗೆ ಹೋದಳು. ಬಂದಾಗ ಕೈಯಲ್ಲಿ ಬಿಳಿಪುಡಿಯ ಸೀಸೆ ಇತ್ತು.

"ಕುರಿ," ಎಂದಳು. "ಮಾರ್ಕೆಟ್ಟಿಂದ ತಂದ ಕಾಲುಮೂಳೆ. ನಾನೇ ಸುಟ್ಟಿದ್ದು. ಫಾಸ್ಫೇಟ್ ಅಂದ್ರೆ ಫಾಸ್ಫೇಟ್. ಗಾಜಿಗೆ ಹೆಸರು ಓದೋಕೆ ಬರಲ್ಲ."

"ಬೇಡ," ಎಂದ ಮರ್ವ್. "ಇದು ಸರಿಯಲ್ಲ. ಹಸಿರು ಬಂತು, ಒಡೀತು. ಇದ್ದದ್ದು ಇದ್ದ ಹಾಗೆ ಹೇಳಿಬಿಡೋಣ."

"ಹೇಳು ಮಾರಾಯ," ಎಂದ ಡಂಕನ್. "ಗಂಡನ್ನ ಕಳ್ಕೊಂಡು ಇನ್ನೂ ತಿಂಗಳಾಗಿಲ್ಲ. ಆ ಹೆಂಗಸಿನ ಮುಂದೆ ನಿಂತು ಹೇಳು, ನಿಮ್ಮೋರು ಈಗ ಶಿರಾಜ್ ವೈನ್ ಬಾಟಲಿಗಳ ಜೊತೆ ತೊಟ್ಟೀಲಿದ್ದಾರೆ ಅಂತ. ನಿನ್ನ ಕೆಲಸದ ಮಾತು ಬಿಡು. ಅವರ ಎದೆ ತಡ್ಕೊಳ್ಳುತ್ತಾ?"

ಮರ್ವ್ ಒಳ್ಳೆಯವನು. ಒಳ್ಳೆಯವರನ್ನು ಅಡ್ಡದಾರಿಗೆ ಎಳೆಯಲು ಕರುಣೆಯಷ್ಟು ಗಟ್ಟಿ ಹಗ್ಗ ಇನ್ನೊಂದಿಲ್ಲ. ಅವನು ಸೀಸೆ ತೆಗೆದುಕೊಂಡ.

ಎರಡನೆಯ ಸಲ ಯಾವುದೂ ಉಕ್ಕಲಿಲ್ಲ. ಕುರಿ ಸಭ್ಯವಾಗಿ ಕರಗಿತು. ಬಿಲ್ಲೆ ಹಾಲಿನ ಕೆನೆಯಂತೆ ಬೆಳ್ಳಗೆ ಬಂದು, ಈ ಸಲ ಮರ್ವ್ ಒಲೆಯ ಮುಂದೆ ಕುರ್ಚಿ ಹಾಕಿಕೊಂಡು ಕಾವಲು ಕೂತಿದ್ದರಿಂದ, ಒಂದು ಬಿರುಕೂ ಇಲ್ಲದೆ ತಣಿಯಿತು. ಗ್ರೆಗ್ ಬೆಳಕು ಬಿಟ್ಟ, ವೂಲಾ ಬಿಸಿ ಬಿಟ್ಟಳು. ಪುಸ್ತಕದಲ್ಲಿರುವ ಹಾಗೆಯೇ ಅಂಕಿಗಳು ಬಂದವು.

ಸಂಜೆ ಸಭಾಂಗಣ ತುಂಬಿತ್ತು. ಭಾಷಣ ಬೇಡ ಎಂದಿದ್ದರು ಟ್ರೆಗೆನ್ಜಾ. ಡಂಕನ್ ಅರ್ಧ ಗಂಟೆ ಮಾತಾಡಿದ.

"ಈ ಗಾಜು ಬೆಳಕನ್ನ ತನ್ನೊಳಗೆ ಇಟ್ಕೊಳ್ಳೋದಿಲ್ಲ. ಬಂದ ಬೆಳಕನ್ನೆಲ್ಲ ಸುತ್ತಮುತ್ತ ಹಂಚಿಬಿಡುತ್ತೆ," ಎಂದ, ಬಿಲ್ಲೆ ಎತ್ತಿ ಹಿಡಿದು. "ನಮ್ಮ ಆಲ್ವಿನ್ ಕೂಡ ಹಾಗೇ ಅಲ್ವೇ? ಬಿಸಿ ಇದರಲ್ಲಿ ನಿಧಾನವಾಗಿ ಹರಿಯುತ್ತೆ. ಆಲ್ವಿನ್ನರ ತಾಳ್ಮೆ ಯಾರಿಗೆ ಗೊತ್ತಿಲ್ಲ! ಸ್ನೇಹಿತರೇ, ಅಳತೆ ಸುಳ್ಳು ಹೇಳೋದಿಲ್ಲ."

ಮುಂದಿನ ಸಾಲಿನಲ್ಲಿ ಕರವಸ್ತ್ರಗಳು ಹೊರಬಂದವು. ಹೇಜಲ್ ಬಿಲ್ಲೆಯನ್ನು ಅಂಗೈಯಲ್ಲಿ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಅವರ ಕಣ್ಣಲ್ಲಿ ನೀರು ಬಂತು. ಡಂಕನ್ ಮರ್ವ್‌ನ ಕಡೆ ಹೆಬ್ಬೆರಳು ಎತ್ತಿ ತೋರಿಸಿದ.

ಚಹಾದ ಹೊತ್ತಿಗೆ ಹೇಜಲ್ ಮರ್ವ್‌ನನ್ನು ತೋಳು ಹಿಡಿದು ಕಿಟಕಿಯ ಮೂಲೆಗೆ ಕರೆದೊಯ್ದರು.

"ಇದನ್ನ ಮಾಡಿದ್ದು ನೀನೇ ತಾನೆ ಮರ್ವ್?"

"ಹೌದು, ಮಿಸೆಸ್ ಟ್ರೆಗೆನ್ಜಾ."

"ಇದರೊಳಗೆ ಯಾರಿದಾರೆ?"

ಮರ್ವ್ ಚಹಾದ ಕಪ್ಪನ್ನು ಬಸಿಯ ಮೇಲಿಟ್ಟು, ಆಗಲೇ ಕರಗಿದ್ದ ಸಕ್ಕರೆಯನ್ನು ಮತ್ತೆ ಕಲಕಿದ.

"ಅಲ್ಲ, ಆಲ್ವಿನ್ ಅಂತೂ ಇಲ್ಲ. ಅದಕ್ಕೇ ಕೇಳಿದೆ," ಎಂದರು ಹೇಜಲ್. "ಅವರನ್ನ ಹೋದ ವಾರವೇ ಸೆಮಾಫೋರ್ ಬೀಚಿನ ಕಟ್ಟೆ ಮೇಲಿಂದ ಕಡಲಿಗೆ ಬಿಟ್ಟೆ. ನಿಮಗೆ ಕೊಟ್ಟಿದ್ದು ನಮ್ಮನೆ ಒಲೆ ಬೂದಿ. ಮ್ಯಾಲೀ ಮರದ ಬೇರಿಂದು."

"ಒಲೆ ಬೂದಿ?"

"ಅವರೇ ಹೇಳಿಹೋಗಿದ್ದು. 'ಮರದ ಬೂದಿ ಕೊಡು ಹೇಜಲ್. ಉಕ್ಕುತ್ತೆ, ಹಸಿರಾಗುತ್ತೆ. ವಿಧವೆ ಕೈಲಿರೋ ಬಾಟಲಿ ಮೇಲೆ ಯಾರೂ ಅನುಮಾನ ಪಡಲ್ಲ, ಬೆಳ್ಳಗೆ ಬರಬೇಕು ಅಂತಲೇ ಕಾಯ್ತಿರ್ತಾರೆ. ಹಸಿರು ತಂದು ಕೊಟ್ರೆ ಆ ನೆಲಮಾಳಿಗೇಲಿ ಇನ್ನೂ ಪ್ರಾಮಾಣಿಕರಿದಾರೆ ಅಂತ. ಕುಲುಮೆ ಉಳಿಸು. ಬಿಳಿ ತಂದು ಕೊಟ್ರೆ ಮುಚ್ಚಿಸಿಬಿಡು.' ನಾನು ಅತ್ತಿದ್ದು ಅದಕ್ಕೇ ಮರ್ವ್. ಹಸಿರು ಬರುತ್ತೆ ಅಂತ ತುಂಬಾ ಆಸೆ ಇಟ್ಕೊಂಡು ಬಂದಿದ್ದೆ. ಈಗ ಹೇಳು, ಇದು ಯಾರು?"

"ಕುರಿ," ಎಂದ ಮರ್ವ್.

"ಪಾಪ. ಕುರಿಗೆ ಇಷ್ಟು ಒಳ್ಳೇ ಭಾಷಣ ಇದುವರೆಗೂ ಯಾರೂ ಮಾಡಿರಲಾರರು."

"ಆದ್ರೆ ಹಸಿರು ಬಂದಿತ್ತು!" ಮರ್ವ್‌ನ ದನಿ ಏರಿತು. "ದೇವರಾಣೆ, ಬೆಳಿಗ್ಗೆ ಹಸಿರೇ ಬಂದಿತ್ತು. ಉಕ್ಕಿತ್ತು ಕೂಡ. ತಣಿಯೋಕೆ ಮುಂಚೆ ಒಡೆದುಹೋಯ್ತು. ನಾನು ಇದ್ದದ್ದು ಹೇಳಿಬಿಡೋಣ ಅಂದೆ."

ಹೇಜಲ್ ಅವನ ಮುಖವನ್ನೇ ನೋಡಿದರು. ಅವರ ಮುಖದಲ್ಲಿ ಮೊದಲ ಸಲ ಏನೋ ಸಡಿಲವಾಯಿತು. "ಚೂರಾದ್ರೂ ಇದೆಯಾ?"

ಮರ್ವ್ ಕಿಟಕಿಯ ಕೆಳಗೆ ನೋಡಿದ. ಗಾಜಿನ ತೊಟ್ಟಿ ಅಂಚಿನವರೆಗೂ ತುಂಬಿ, ಸಂಜೆ ಬಿಸಿಲಿಗೆ ಒಂದೇ ಸಮನೆ ಹಸಿರಾಗಿ ಹೊಳೆಯುತ್ತಿತ್ತು.

"ಕಣ್ಣಾರೆ ನೋಡಿದೋರು ಮೂರು ಜನ ಇದಾರೆ," ಎಂದು ಅವನು ಕೈ ಬೀಸಿ ಕರೆದ. "ಡಂಕನ್! ಗ್ರೆಗ್! ವೂಲಾ! ಇಲ್ಲಿ ಬನ್ನಿ. ಹೇಳಿಬಿಡಿ ಇವರಿಗೆ. ಬೆಳಿಗ್ಗೆ ಮೊದಲು ಬಂದ ಗಾಜು ಯಾವ ಬಣ್ಣ ಇತ್ತು?"

ಮೂವರೂ ಮುಖ ಮುಖ ನೋಡಿಕೊಂಡರು. ಬೆವರುತ್ತಿದ್ದ ಮರ್ವ್‌ನನ್ನು, ಪಕ್ಕದಲ್ಲಿ ಬಿಲ್ಲೆ ಹಿಡಿದು ನಿಂತ ವಿಧವೆಯನ್ನು ನೋಡಿದರು. ಮನಸ್ಸಾಕ್ಷಿ ಚುಚ್ಚಿ ಇವನು ಬಾಯಿ ಬಿಡಲು ಹೊರಟಿದ್ದಾನೆ ಎಂದು ಮೂವರಿಗೂ ಏಕಕಾಲಕ್ಕೆ ಹೊಳೆಯಿತು. ಜೊತೆಗಾರನನ್ನು ಇಂಥ ಹೊತ್ತಲ್ಲಿ ಕೈಬಿಡುವವರಲ್ಲ ಅವರು.

"ಬಿಳಿ," ಎಂದ ಡಂಕನ್.

"ಬಿಳೀನೇ," ಎಂದ ಗ್ರೆಗ್. "ಇದಕ್ಕಿಂತ ಒಂದು ಕೈ ಬಿಳಿ."

"ಡಂಕನ್, ಹಸಿರು! ನೀವೇ ಕಿಂಡೀಲಿ ನೋಡಿದ್ರಲ್ಲ!"

"ಹಸಿರಾ? ಯಾವ ಹಸಿರು?" ವೂಲಾ ಮರ್ವ್‌ನ ಬೆನ್ನು ಸವರಿದಳು. "ಬೆಳಗಿಂದ ಕುಲುಮೆ ಮುಂದೆ ನಿಂತು ತಲೆ ಕಾದಿದೆ ಇವನಿಗೆ. ಮಿಸೆಸ್ ಟ್ರೆಗೆನ್ಜಾ, ನನ್ನ ತಾಯಾಣೆ, ಮೊದಲಿಂದಲೂ ಬಿಳಿ. ಮೂಳೆ ಬೂದಿ ಹಾಕಿದ್ರೆ ಬಿಳಿ ಬಿಟ್ಟು ಇನ್ನೇನು ಬರುತ್ತೆ ಹೇಳಿ."

ಹೇಜಲ್ ತಲೆಯಾಡಿಸಿದರು. ಬಿಲ್ಲೆಯನ್ನು ಮರ್ವ್‌ನ ಬಸಿಯಲ್ಲಿ, ಚಮಚದ ಪಕ್ಕ ಇಟ್ಟರು. ಮೂವರೂ ಗೌರವದಿಂದ ನಾಲ್ಕು ಹೆಜ್ಜೆ ಹಿಂದೆ ಸರಿದಾಗ ಹೇಜಲ್ ಮರ್ವ್‌ಗೆ ಮಾತ್ರ ಕೇಳುವಂತೆ ಹೇಳಿದರು: "ನಾನು ನಿನ್ನ ಮಾತು ನಂಬ್ತೀನಪ್ಪ. ಆದ್ರೆ ನಂಬಿಕೆ ನೋಡಿ ಓಟು ಹಾಕು ಅಂತ ಆಲ್ವಿನ್ ಹೇಳಲಿಲ್ಲ. ಬಣ್ಣ ನೋಡಿ ಹಾಕು ಅಂದ್ರು."

ಅವರು ಟೋಪಿ ಹಾಕಿಕೊಂಡು ಹೊರಟುಹೋದರು. ಬಾಗಿಲು ಮುಚ್ಚುವುದನ್ನೇ ಕಾಯುತ್ತಿದ್ದ ಡಂಕನ್ ಮರ್ವ್‌ನ ಹೆಗಲ ಮೇಲೆ ಕೈಹಾಕಿ ನಿಟ್ಟುಸಿರುಬಿಟ್ಟ.

"ಅಬ್ಬಾ, ಕೂದಲೆಳೇಲಿ ಪಾರು. ಏನು ಮಾರಾಯ ನೀನು, ಕೊನೇ ಗಳಿಗೇಲಿ ಎಲ್ಲಾ ಕೆಡಿಸ್ತಿದ್ದೆ. ಪುಣ್ಯ, ನಾವಿದ್ವಿ."