ಬಸವನಹುಳುವಿನ ಆಂಟೆನಾ

ಎಲ್ಲಕ್ಕೂ ಮೂಲ ಒಂದು ಫೋಟೋ. ಬಾಯಿ ಅರ್ಧ ತೆರೆದು, ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಮೇಲಕ್ಕೆ ಸಿಕ್ಕಿಸಿಕೊಂಡು, ದಡಕ್ಕೆ ಎಸೆದ ಮೀನಿನ ಹಾಗೆ ಕಾಣುತ್ತಿದ್ದ ಬಡಗಿಯ ಮುಖದ ಫೋಟೋ. ಹೋದ ಭಾನುವಾರ ಸಂಜೆ ಹೆಂಡತಿಯ ಕಡೆಯವರೆಲ್ಲ ಎಂದಿನಂತೆ ವಿಡಿಯೋ ಕಾಲ್‌ನಲ್ಲಿ ಸೇರಿದ್ದಾಗ, ಅವನು ತನ್ನ ಗಾಡಿಯ ವಿಷಯ ಹೇಳಲು ಬಾಯಿ ತೆರೆದ ಗಳಿಗೆಯಲ್ಲೇ ನೆಟ್ ನಿಂತುಹೋಗಿತ್ತು. ನೆಟ್ ನಿಂತಂತೆ ಮುಖವೂ ನಿಂತಿತ್ತು. ಹೆಂಡತಿಯ ಅಕ್ಕನ ಗಂಡ, ಅಂದರೆ ಅವನ ಷಡ್ಡಕ, ಆ ಮುಖದ ಫೋಟೋ ತೆಗೆದು ಮನೆಮಂದಿಯ ಗ್ರೂಪಿಗೆ ಹಾಕಿದ್ದ. ಕೆಳಗೆ, 'ಬಸವನಹುಳು ಚಿಪ್ಪಿನಲ್ಲಿ ಸಿಕ್ಕಿಕೊಂಡಿದೆ' ಎಂದು ಬರೆದಿದ್ದ. ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಅದಕ್ಕೆ ನಗುವ ಗೊಂಬೆ ಅಂಟಿಸಿದ್ದರು. ಅತ್ತೆ ಕೂಡ.

ಬಸವನಹುಳು ಎಂಬ ಹೆಸರೂ ಷಡ್ಡಕನೇ ಇಟ್ಟದ್ದು. ಕೆಲಸದಿಂದ ಬಿಡುವಾದ ಮೇಲೆ ಬಡಗಿ ಗುಜರಿಗೆ ಹೊರಟಿದ್ದ ಹಳೆಯ ಬಸ್ಸೊಂದನ್ನು ತಂದು, ಸೀಟುಗಳನ್ನೆಲ್ಲ ಕಿತ್ತು, ಒಳಗೊಂದು ಮನೆಯನ್ನೇ ಕಟ್ಟಿದ್ದ. ಗೋಡೆಗೆ ಮಡಚಿಕೊಳ್ಳುವ ಮಂಚ, ಅದರ ಕೆಳಗಿನಿಂದ ಎಳೆಯಬಹುದಾದ ಇನ್ನೊಂದು ಮಂಚ, ಹಲಗೆಯಂತೆ ನಿಂತು ಬೇಕಾದಾಗ ಮೇಜಾಗುವ ಪಟ್ಟಿ, ಎಂಥ ತಿರುವಿನಲ್ಲೂ ತಾವಾಗಿ ತೆರೆದುಕೊಳ್ಳದ ಡ್ರಾಯರುಗಳು. ಎಲ್ಲೂ ಒಂದು ಮೊಳೆಯ ತಲೆ ಕಾಣುವಂತಿರಲಿಲ್ಲ. ಆ ಮನೆಗಾಡಿಯಲ್ಲಿ ಗಂಡ ಹೆಂಡತಿ ಊರೂರು ಸುತ್ತುತ್ತಿದ್ದರು. ಬಸವನಹುಳು ಎಂದರೆ ಬಡಗಿಗೆ ಬೇಸರವಿರಲಿಲ್ಲ. ಮನೆಯನ್ನು ತಾನೇ ಕಟ್ಟಿ ತಾನೇ ಹೊರುವ ಪ್ರಾಣಿ ಬೇರೆ ಯಾವುದಿದೆ ಎಂದು ಅವನ ವಾದ. ಅವನಿಗೆ ಚುಚ್ಚಿದ್ದು ಷಡ್ಡಕನ ಇನ್ನೊಂದು ಮಾತು. ಷಡ್ಡಕ ಕಚೇರಿಯ ಕೆಲಸವನ್ನು ಮನೆಯಲ್ಲೇ ಕೂತು ಮಾಡುವವನು. ಪ್ರತಿ ಭಾನುವಾರವೂ, ಗಾಡಿಯ ಮಾತು ಬಂದಾಗಲೆಲ್ಲ, "ಎಲ್ಲಾ ಸರಿ ಕಣಯ್ಯಾ, ನೆಟ್ ನಿಲ್ಲದ ಕಡೆ ನನ್ನಂಥವನು ಒಂದು ದಿನ ಇರೋಕಾಗುತ್ತಾ? ಅದನ್ನ ಮನೆ ಅಂತ ಹೇಗೆ ಕರೀಲಿ?" ಎನ್ನುತ್ತಿದ್ದ.

ಅದಕ್ಕೇ ಬಡಗಿ ಈ ವಾರ ಹೊಸ ಆಂಟೆನಾ ಕೊಂಡು ಛಾವಣಿಗೆ ಕೂರಿಸಿದ್ದ. ಅದರ ವಯರು ಅಡುಗೆ ಮೂಲೆಯ ಕಪಾಟಿನ ಹಿಂದಿನಿಂದ ಇಳಿದು, ಹಿತ್ತಾಳೆಯ ತಿರುಪೊಂದರಿಂದ ನೆಟ್ಟಿನ ಪೆಟ್ಟಿಗೆಗೆ ಬಿಗಿದುಕೊಂಡಿತ್ತು. ಇಂದು ಸಂಜೆ ಕಾಲ್ ಶುರುವಾದಾಗ ತನ್ನ ಮುಖ ಕನ್ನಡಿಯಲ್ಲಿ ಕಂಡಷ್ಟು ಚೆನ್ನಾಗಿ ಕಾಣಬೇಕು, ಷಡ್ಡಕನ ಬಾಯಲ್ಲೇ 'ಇದು ಮನೆ' ಎನ್ನಿಸಬೇಕು. ಅದು ಆಗದಿದ್ದರೆ ತಾನು ಉಳಿದ ಆಯುಷ್ಯವನ್ನೆಲ್ಲ ಆ ಮೀನಿನ ಮುಖ ಹೊತ್ತೇ ಕಳೆಯಬೇಕು.

ಬೆಳಗ್ಗೆ ಗಾಡಿ ನಿಂತದ್ದು ಒಂದು ಹಳ್ಳಿಯ ಅಂಚಿನ ಹಿಟ್ಟಿನ ಗಿರಣಿಯ ಬಯಲಿನಲ್ಲಿ. ಬಡಗಿ ರಸಮಟ್ಟ ತೆಗೆದು ಗಾಡಿಯ ನೆಲದ ಮೇಲಿಟ್ಟ. ಗಾಜಿನೊಳಗಿನ ಗುಳ್ಳೆ ನಟ್ಟನಡುವೆ ಬರುವವರೆಗೆ ಚಕ್ರಗಳ ಕೆಳಗೆ ಹಲಗೆ ಚೂರುಗಳನ್ನು ತುರುಕಿದ. ಆಮೇಲೆ ಅದೇ ರಸಮಟ್ಟವನ್ನು ಛಾವಣಿಗೆ ಒಯ್ದು ಆಂಟೆನಾಕ್ಕೂ ಹಿಡಿದ. ಆಂಟೆನಾಕ್ಕೆ ಮಟ್ಟ ಬೇಕೆಂದು ಯಾರೂ ಹೇಳಿರಲಿಲ್ಲ. ಆದರೆ ಮಟ್ಟವಿಲ್ಲದೆ ಒಂದು ವಸ್ತುವನ್ನು ನಿಲ್ಲಿಸಿ ಅವನಿಗೆ ಗೊತ್ತಿರಲಿಲ್ಲ.

ಫೋನಿನಲ್ಲಿ ಗೆರೆಗಳೆಲ್ಲ ತುಂಬಿದವು. ಬಡಗಿ ಛಾವಣಿಯ ಮೇಲೆ ಎದೆ ಸೆಟೆದು ನಿಂತ. "ಚಹಾ ಇಡ್ತೀನಿ," ಎಂದು ಹೆಂಡತಿ ಒಳಗೆ ಹೋದಳು. ಚಹಾ ಕುದಿಯುವ ಹೊತ್ತಿಗೆ ಗೆರೆಗಳು ಒಂದೂ ಉಳಿಯದೆ ಹೋದವು.

ಅವನು ಇಳಿದು ಬಂದು ಕಪಾಟಿನ ಹಿಂದೆ ಕೈ ಹಾಕಿ ನೋಡಿದ. ತಿರುಪು ತಾನು ಬಿಗಿದಷ್ಟೇ ಬಿಗಿ. ಹೆಂಡತಿ ಇಕ್ಕಳದಲ್ಲಿ ಪಾತ್ರೆ ಹಿಡಿದು ಚಹಾ ಸೋಸುತ್ತ, ಬಿಟ್ಟುಬಿಡಿ, ಫೋಟೋ ನಾಲ್ಕು ದಿನದಲ್ಲಿ ಮರೆತುಹೋಗುತ್ತದೆ, ಇಂಥ ಗಾಳಿ ಬೆಳಕಿನ ಕಡೆ ಬಂದು ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ ಎಂದಳು. ಆ ಮಾತು ಅವನ ಕಿವಿಗೆ ಬೀಳಲೇ ಇಲ್ಲ. ಮತ್ತೆ ಮೇಲೆ ಹತ್ತಿ ಆಂಟೆನಾವನ್ನು ಒಂದು ಬೆರಳಿನಷ್ಟು ತಿರುಗಿಸಿದ. ಗೆರೆಗಳು ವಾಪಸು ಬಂದವು.

ಇದನ್ನೆಲ್ಲ ಗಿರಣಿಯವನು ಬಾಗಿಲಲ್ಲಿ ನಿಂತು ನೋಡುತ್ತಿದ್ದ. ನೋಡಿಕೊಂಡು ಸುಮ್ಮನಿರುವ ಜಾತಿಯ ಮನುಷ್ಯನಲ್ಲ ಅವನು. ಹತ್ತಿರ ಬಂದು, ಟವರ್ ಗುಡ್ಡದ ಆಚೆ ಇದೆಯೆಂದೂ, ನಡುವೆ ಮರಗಳು ಅಡ್ಡ ಬರುತ್ತವೆಂದೂ, ಗಾಡಿಯನ್ನು ಗಿರಣಿಯ ಗೋಡೆಗೆ ಒತ್ತಿ ನಿಲ್ಲಿಸಿದರೆ ಮಾತ್ರ ಕೆಲಸ ಆಗುತ್ತದೆಂದೂ ಹೇಳಿದ. ತನ್ನ ಫೋನಿಗೆ ಸಿಗ್ನಲ್ ಸಿಗುವುದು ಆ ಗೋಡೆಯ ಬುಡದಲ್ಲಿ ಮಾತ್ರವಂತೆ. ಹೆಂಡತಿಯೊಡನೆ ಜಗಳವಾದರೂ ಅಲ್ಲಿಗೇ ಬಂದು ನಿಂತು ಮಾತಾಡುತ್ತಾನಂತೆ.

ಗಾಡಿ ಗೋಡೆಯ ಬಳಿಗೆ ಹೋಯಿತು. ಹಲಗೆ ಚೂರು, ರಸಮಟ್ಟ, ಗುಳ್ಳೆ, ಎಲ್ಲ ಮೊದಲಿಂದ. ನೆಟ್ ಬಂತು. ಗಿರಣಿಯವನಿಗೂ ಒಂದು ಲೋಟ ಚಹಾ ಆಗಬೇಕಲ್ಲ, ಹೆಂಡತಿ ಒಳಗೆ ಹೋದಳು. ನೆಟ್ ಹೋಯಿತು.

ಈ ಸಲ ಗಿರಣಿಯವನು ತಪ್ಪನ್ನು ತನ್ನ ತಲೆಯ ಮೇಲೇ ಹೊತ್ತುಕೊಂಡ. ಗಿರಣಿಯ ನಡುಕಕ್ಕೆ ಗೋಡೆ ನಡುಗುತ್ತದೆ, ಗೋಡೆಯಿಂದ ಗಾಡಿ, ಗಾಡಿಯಿಂದ ಆಂಟೆನಾ ಎಂದು ಲೆಕ್ಕ ಕಟ್ಟಿ, ಹೋಗಿ ಗಿರಣಿಯನ್ನೇ ನಿಲ್ಲಿಸಿಬಿಟ್ಟ. ಕಾಳು ಬೀಸಿಸಲು ಬಂದಿದ್ದವರೆಲ್ಲ ಮೂಟೆಗಳನ್ನು ಬಾಗಿಲಲ್ಲಿ ಒಟ್ಟಿ, ಮದುವೆಗೆ ಬಂದವರ ಹಾಗೆ ಗಾಡಿಯ ಸುತ್ತ ನಿಂತರು. ಒಬ್ಬರು ಬಲಕ್ಕೆ ಅಂದರೆ ಇನ್ನೊಬ್ಬರು ಎಡಕ್ಕೆ ಎಂದರು. ಮೇಲಿದ್ದ ಬಡಗಿ ಎರಡು ಕಡೆಗೂ ತಲೆಯಾಡಿಸುತ್ತ ಹಿಂದಕ್ಕೆ ಹೆಜ್ಜೆಯಿಟ್ಟ. ಹಿಂದೆ ಛಾವಣಿ ಮುಗಿದಿತ್ತು.

ಬಿದ್ದದ್ದು ಮೂಟೆಗಳ ಮೇಲೆ, ಅದು ಅವನ ಪುಣ್ಯ. ಒಂದು ಹಿಟ್ಟಿನ ಮೂಟೆ ಬಾಯಿ ಬಿಟ್ಟುಕೊಂಡಿತು. ಎದ್ದು ನಿಂತಾಗ ರೆಪ್ಪೆಯಿಂದ ಮೀಸೆಯವರೆಗೆ ಬಡಗಿ ಸುಣ್ಣ ಬಳಿದ ಕಂಬದಂತಿದ್ದ. ಆದರೂ ಮೊದಲು ಕೇಳಿದ್ದು, "ಬಂತಾ ನೆಟ್?" ಎಂದು.

ಗದ್ದಲ ಕೇಳಿ ಎದುರಿನ ವೆಲ್ಡಿಂಗ್ ಅಂಗಡಿಯವನೂ ಬಂದ. ಅವನಿಗೆ ಜಗತ್ತಿನ ಯಾವ ತೊಂದರೆಯಾದರೂ ಕಬ್ಬಿಣದ ಕೊರತೆಯಿಂದಲೇ ಬಂದದ್ದು. ಎತ್ತರ ಸಾಲದು ಎಂದು ಒಂದೇ ನೋಟಕ್ಕೆ ಹೇಳಿ, ಅಂಗಡಿಯಿಂದ ಉದ್ದನೆಯ ಪೈಪು ತಂದು ಗಾಡಿಯ ಹಿಂಭಾಗಕ್ಕೆ ಬೆಸೆಯಲು ನಿಂತ. ಒಂದು ಮೊಳೆಯೂ ಕಾಣದ ತನ್ನ ಗಾಡಿಗೆ ಹೀಗೆ ಕಬ್ಬಿಣದ ಬಾಲ ಮೂಡುವುದನ್ನು ನೋಡಲಾಗದೆ ಬಡಗಿ ಮುಖ ತಿರುಗಿಸಿದ. ಪೈಪು ನಿಂತಿತು, ತುದಿಗೆ ಆಂಟೆನಾ ಏರಿತು, ಗೆರೆಗಳು ತುಂಬಿದವು. ಹೆಂಡತಿ ಎಲ್ಲರಿಗೂ ಚಹಾ ಇಡಲು ಎದ್ದಳು.

ಗೆರೆಗಳು ಕರಗುವುದಕ್ಕೂ ಗಿರಣಿಯವನ ತಾಯಿ ಕೋಲೂರಿಕೊಂಡು ಬರುವುದಕ್ಕೂ ಸರಿಹೋಯಿತು. ಅಜ್ಜಿ ಬಂದವಳೇ ಗಾಡಿಯೊಳಗೆ ಇಣುಕಿ, ಬೆಳಗ್ಗಿನಿಂದ ಈ ಹುಡುಗಿ ಊರಿಗೆಲ್ಲ ಚಹಾ ಕಾಸುತ್ತಿದ್ದಾಳೆ, ನಿಮಗ್ಯಾರಿಗೂ ಕಣ್ಣಿಲ್ಲವೇ ಎಂದು ಗಂಡಸರನ್ನೆಲ್ಲ ಬೈದಳು. ಮೊಮ್ಮಕ್ಕಳಿರುವ ಆ ಹುಡುಗಿಯ ಕೈ ಹಿಡಿದು ಎಳೆದುಕೊಂಡು ಹೋಗಿ ಗಿರಣಿಯ ಬೆಂಚಿನ ಮೇಲೆ ಕೂರಿಸಿದಳು. "ಒಂದು ನಿಮಿಷ ಅಜ್ಜಿ, ಒಳಗೊಂದು ಸಣ್ಣ ಕೆಲಸ," ಎಂದರೂ ಬಿಡಲಿಲ್ಲ. ಇನ್ನು ಚಹಾ ತನ್ನ ಮನೆಯಿಂದಲೇ ಬರುತ್ತದೆ ಎಂದು ಪಕ್ಕದಲ್ಲೇ ಕೂತುಬಿಟ್ಟಳು.

ಅಷ್ಟರಲ್ಲಿ ವೆಲ್ಡರ್ ಕಪಾಟಿನ ಹಿಂದಿನಿಂದ ಕೂಗಿದ. ತಿರುಪು ಸಡಿಲವಾಗಿದೆಯಂತೆ, ಗಾಡಿಯ ಕುಲುಕಾಟಕ್ಕೆ ಬಿಚ್ಚಿಕೊಂಡಿದೆಯಂತೆ.

ಬಡಗಿಗೆ ಛಾವಣಿಯಿಂದ ಬಿದ್ದಾಗಲೂ ಇಷ್ಟು ನೋವಾಗಿರಲಿಲ್ಲ. "ನಾನು ಬಿಗಿದ ತಿರುಪು ಸಡಿಲ ಆಗಲ್ಲಪ್ಪಾ," ಎಂದ. "ನಾ ಮಾಡಿದ ಬಾಗಿಲುಗಳು ಮನೆ ಬಿದ್ದರೂ ಚೌಕಟ್ಟಿನಲ್ಲೇ ನಿಂತಿವೆ."

"ಕಣ್ಣೆದುರಿಗೇ ಇದೆಯಲ್ಲ ಯಜಮಾನ್ರೇ, ನೀವೇ ನೋಡಿ."

ನೋಡಿದರೆ ನಿಜ. ವೆಲ್ಡರ್ ತಿರುಪು ಬಿಗಿದು, ಅದಕ್ಕೆ ಬೆಸುಗೆ ಹಾಕಿ, ಸುತ್ತ ಅಂಟು ಸುರಿದು, ಜೊತೆಗೆ ಪೆಟ್ಟಿಗೆಯ ಕರೆಂಟಿನ ಪ್ಲಗ್ಗಿಗೂ ಒಂದಿಷ್ಟು ಅಂಟು ಬಳಿದ. ಇನ್ನು ಆನೆ ಕಟ್ಟಿ ಎಳೆದರೂ ಬರಲ್ಲ ಎಂದು ಎದೆ ತಟ್ಟಿಕೊಂಡ. ಗೆರೆಗಳು ಬಂದವು. ಬಂದವು ಮತ್ತೆ ಅಲುಗಲಿಲ್ಲ. ಬೆಂಚಿನ ಮೇಲಿದ್ದ ಹೆಂಡತಿ ಅಜ್ಜಿ ಕೊಟ್ಟ ಚಹಾವನ್ನು ಕಷಾಯ ಕುಡಿದಂತೆ ಕುಡಿದಳು.

ಸಂಜೆ ಕಾಲ್ ಶುರುವಾದಾಗ ಗಾಡಿಯ ಬಾಗಿಲಲ್ಲಿ ಅರ್ಧ ಊರು ನಿಂತಿತ್ತು. ಅದು ಈಗ ಬಡಗಿಯೊಬ್ಬನ ನೆಟ್ ಆಗಿರಲಿಲ್ಲ, ಗಿರಣಿಯವನ ಗೋಡೆ, ವೆಲ್ಡರನ ಪೈಪು, ಎಲ್ಲರ ಎಡ ಬಲ ಸೇರಿದ ನೆಟ್. ಪರದೆಯ ಚೌಕಗಳಲ್ಲಿ ಒಬ್ಬೊಬ್ಬರೇ ಮೂಡಿದರು. ಕೊನೆಗೆ ಷಡ್ಡಕ.

"ಏನಯ್ಯಾ ಬಸವನಹುಳು, ಹುಬ್ಬೆಲ್ಲ ಬೆಳ್ಳಗಾಗಿದೆ, ಒಂದೇ ವಾರಕ್ಕೆ ಇಷ್ಟು ಮುದುಕ ಆದೆಯಾ?"

"ಹಿಟ್ಟು ಅಣ್ಣಾ," ಎಂದ ಬಡಗಿ. ಹುಬ್ಬಿನ ಹಿಟ್ಟೂ ಕಾಣುವಷ್ಟು ಸ್ಪಷ್ಟವಾಗಿದ್ದೇನೆ ಎಂದು ಅವನ ಹೊಟ್ಟೆಯೊಳಗೆ ಹಾಲು ಹೊಯ್ದಂತಾಯಿತು.

ಷಡ್ಡಕ ಅಷ್ಟು ಸುಲಭಕ್ಕೆ ಒಪ್ಪುವವನಲ್ಲ. ನಡೆದಾಡು ಎಂದ. ಬಡಗಿ ಫೋನ್ ಹಿಡಿದು ನಡೆದಾಡಿದ. ಜೋರಾಗಿ ತಿರುಗು ಎಂದ. ತಿರುಗಿದ. ಚಿತ್ರ ಎಲ್ಲೂ ತಡವರಿಸಲಿಲ್ಲ. ಬಾಗಿಲ ಜನ ಉಸಿರು ಬಿಗಿಹಿಡಿದಿದ್ದರು. ಬಡಗಿಗೆ ಹುರುಪು ಏರಿತು. ಮಡಚುವ ಮಂಚ ಬಿಡಿಸಿ ತೋರಿಸಿದ. ಹೆಂಡತಿ ಕೆಮ್ಮಿದಳು. ಕೆಳಗಿನ ಮಂಚವನ್ನೂ ಎಳೆದು, ಇಬ್ಬರು ಕಾಲು ಚಾಚಿ ಮಲಗಬಹುದು ಎಂದ. ಹೆಂಡತಿ ಇನ್ನೂ ಜೋರಾಗಿ ಕೆಮ್ಮಿದಳು. "ಇದೋ ನೋಡಿ ಮೇಜು. ಇಲ್ಲಿ ಕೂತು ಬೇಕಾದರೆ ಕಚೇರಿ ಕೆಲಸವನ್ನೇ ಮಾಡಬಹುದು."

ಷಡ್ಡಕ ಕನ್ನಡಕ ತೆಗೆದು ಒರೆಸಿಕೊಂಡ.

"ಸೋತೆ ಕಣಯ್ಯಾ. ಎಲ್ಲರೆದುರೂ ಹೇಳ್ತೀನಿ. ಇದು ಮನೆ. ನಮ್ಮನೆಗಿಂತ ಒಂದು ಕೈ ಮೇಲು."

ಬಾಗಿಲಲ್ಲಿ ಚಪ್ಪಾಳೆ ಬಿತ್ತು. ವೆಲ್ಡರ್ ಗಿರಣಿಯವನನ್ನು ತಬ್ಬಿಕೊಂಡ. ಬಡಗಿಗೆ ಕಣ್ಣು ತುಂಬಿ ಹಿಟ್ಟಿನಲ್ಲಿ ಎರಡು ಗೆರೆ ಇಳಿದವು.

"ನೆಟ್ ಒಂದಕ್ಕೇ ಅಲ್ವಾ ನಾನು ಇಷ್ಟು ದಿನ ತಡೆದಿದ್ದು," ಎಂದ ಷಡ್ಡಕ. "ನಿಮ್ಮತ್ತಿಗೆ ಆಗಿನಿಂದ ಹೋಗೋಣ ಹೋಗೋಣ ಅಂತ ಪ್ರಾಣ ತಿಂತಿದಾಳೆ. ಇನ್ನೇನು ಅಡ್ಡಿ. ಈ ವಾರವೇ ಬಂದುಬಿಡ್ತೀವಿ. ಚಳಿಗಾಲ ಮುಗಿಯೋವರೆಗೂ ಜೊತೆಗೇ ಸುತ್ತೋಣ. ಇರು, ಅವಳನ್ನ ಕರೀತೀನಿ." ಅವನು ಎದ್ದು ಹೋದ. ಉಳಿದವರೂ ಶುಭವಾಗಲಿ ಎಂದು ಒಬ್ಬೊಬ್ಬರೇ ಚೌಕಗಳಿಂದ ಕರಗಿದರು.

ಹೆಂಡತಿ ಫೋನನ್ನು ಗೋಡೆಯ ಕಡೆ ತಿರುಗಿಸಿ, ಧ್ವನಿ ಅಡಗಿಸುವ ಗುಂಡಿ ಒತ್ತಿ, ಗಂಡನ ಕಿವಿಯಲ್ಲಿ ಪಿಸುಗುಟ್ಟಿದಳು.

"ಹೋದ ಸಲ ಭಾವ ಊರಿನ ಮನೆಗೆ ಎರಡು ದಿನಕ್ಕೆ ಅಂತ ಬಂದು ಮಳೆಗಾಲ ಪೂರ್ತಿ ಇದ್ದದ್ದು ಮರೆತೋಯ್ತಾ ನಿಮಗೆ? ಬೆಳಗಾಗೋ ಮೊದಲೇ ಎದ್ದು ಗಂಟಲು ಸರಿಮಾಡ್ಕೊಳ್ಳೋದು? ನಿಮ್ಮ ಉಳಿಯಲ್ಲಿ ಉಗುರು ಕತ್ತರಿಸ್ಕೊಂಡಿದ್ದು? ನೆಟ್ ಇಲ್ಲ ಅನ್ನೋ ಒಂದೇ ಕಾರಣಕ್ಕೆ ರೀ ಅವರು ಈ ಗಾಡಿಗೆ ಬರದೆ ಇದ್ದದ್ದು. ಅದಕ್ಕೇ ಬೆಳಗ್ಗಿನಿಂದ ಚಹಾ ನೆಪದಲ್ಲಿ ನಾನು ಆ ತಿರುಪು ಬಿಚ್ಚೋದು, ನೀವು ನೋಡೋಕೆ ಬರೋ ಹೊತ್ತಿಗೆ ಬಿಗಿಯೋದು ಮಾಡ್ತಿದ್ದೆ. ಕೊನೇ ಸಲ ಬಿಗಿಯೋಕೆ ಅಜ್ಜಿ ಬಿಡಲಿಲ್ಲ."

"ನನಗೆ ಹೇಳಬಾರದಾಗಿತ್ತಾ?"

"ಹೇಳಿದ್ರೆ ಕೇಳ್ತಿದ್ರಾ? ಬರಲಿ, ಬಂದು ನೋಡಲಿ ಅಂತಿದ್ರಿ."

ಬಡಗಿ ಯೋಚಿಸಿದ. ಅಂತಿದ್ದೆ, ಅನ್ನಿಸಿತು. ಆಮೇಲೆ ಇನ್ನೊಂದು ಹೊಳೆಯಿತು. "ಹಾಗಾದರೆ ತಿರುಪು ತಾನಾಗಿ ಸಡಿಲ ಆಗಿರಲಿಲ್ಲ?"

"ಎಲ್ಲಿಂದ ಆಗುತ್ತೆ. ಬಿಚ್ಚೋಕೆ ನನಗೆ ಪ್ರತಿ ಸಲ ಇಕ್ಕಳ ಬೇಕಾಯ್ತು."

ಅಷ್ಟು ಸಂಕಟದಲ್ಲೂ ಬಡಗಿಯ ಬೆನ್ನು ನೆಟ್ಟಗಾಯಿತು. ವೆಲ್ಡರನ ಕಡೆ ಒಂದು ನೋಟ ಎಸೆದ. ಆಮೇಲೆ ಕಪಾಟಿನ ಹಿಂದೆ ಕೈ ಹಾಕಿ ವಯರನ್ನು ಎಳೆದ. ಕಾಲು ಕೊಟ್ಟು ಎಳೆದ. ಪ್ಲಗ್ಗನ್ನೂ ಎಳೆದ. ವೆಲ್ಡರ್ ಬಾಗಿಲಿನಿಂದ, ಪರೀಕ್ಷೆ ಮಾಡಿ ಯಜಮಾನ್ರೇ, ಎಷ್ಟು ಬೇಕಾದರೂ ಎಳೀರಿ ಎಂದು ಹೆಮ್ಮೆಯಿಂದ ನಕ್ಕ.

ಕಾಲ್ ಕಟ್ ಮಾಡಿದರೆ ಬೇಕೆಂದೇ ಮಾಡಿದ್ದು ಗೊತ್ತಾಗುತ್ತದೆ. ನೆಟ್ ತಾನಾಗಿ ನಿಲ್ಲಬೇಕು, ಹೋದ ವಾರದ ಹಾಗೆ. ಹೆಂಡತಿ ಧ್ವನಿ ಬಿಟ್ಟು ಫೋನನ್ನು ಮೇಜಿನ ಮೇಲೆ ಈ ಕಡೆಗೆ ನಿಲ್ಲಿಸುವಷ್ಟರಲ್ಲಿ ಬಡಗಿಗೆ ದಾರಿ ಹೊಳೆಯಿತು. ಅವನು ಬಾಯಿ ಅರ್ಧ ತೆರೆದ. ಒಂದು ಕಣ್ಣು ಮುಚ್ಚಿದ. ಇನ್ನೊಂದನ್ನು ಮೇಲಕ್ಕೆ ಸಿಕ್ಕಿಸಿ ಕಲ್ಲಾಗಿ ಕೂತ. ಹೆಂಡತಿಗೂ ತಕ್ಷಣ ಅರ್ಥವಾಯಿತು. ಅವಳು ಕೈಯನ್ನು ಗಾಳಿಯಲ್ಲೇ ಎತ್ತಿ ಹಿಡಿದು ಗೊಂಬೆಯಾದಳು.

ಷಡ್ಡಕ ಬಂದು ಕೂತ. ಪರದೆಗೆ ಮೂಗು ತಾಗಿಸಿದ. "ಹಲೋ? ಏನಿದು, ಮತ್ತೆ ನಿಂತೋಯ್ತಾ? ಛೆ, ನಾನು ಮಾತು ಬೇರೆ ಕೊಟ್ಟೆ. ಹೀಗಾದರೆ ಬರೋದು ಕಷ್ಟ ಕಣೇ," ಎಂದು ಹಿಂದೆ ತಿರುಗಿ ಹೆಂಡತಿಗೆ ಹೇಳಿದ. ಬಡಗಿ ಉಸಿರೂ ಬಿಡಲಿಲ್ಲ. ಹಿಟ್ಟು ಮೂಗಿನಲ್ಲಿ ಕಚಗುಳಿ ಇಡುತ್ತಿತ್ತು, ಅದನ್ನೂ ತಡೆದ. ತನ್ನ ಜೀವಮಾನದಲ್ಲಿ ಇಷ್ಟು ಮಟ್ಟಸವಾಗಿ ಏನನ್ನೂ ನಿಲ್ಲಿಸಿರಲಿಲ್ಲ ಅವನು.

ಆಗ ಅಜ್ಜಿ ಕೋಲೂರಿಕೊಂಡು, ಚಹಾದ ಲೋಟ ಹಿಡಿದು, ಗಂಡ ಹೆಂಡತಿಯ ನಡುವೆ ನಿಧಾನಕ್ಕೆ ನಡೆದು ಬಂದಳು. ಲೋಟವನ್ನು ಮೇಜಿನ ಮೇಲಿಟ್ಟು, ಬಡಗಿಯ ಗದ್ದಕ್ಕೆ ಕೈಕೊಟ್ಟು ಮೇಲಕ್ಕೆತ್ತಿದಳು.

"ಬಾಯಿ ಮುಚ್ಕೋ ಮಗಾ, ನೊಣ ಹೋಗುತ್ತೆ."

"ಅಯ್ಯೋ, ಇವಳೇ, ಬಾ ಇಲ್ಲಿ ನೋಡು," ಎಂದು ಷಡ್ಡಕ ತನ್ನ ಹೆಂಡತಿಯನ್ನು ಕರೆದ. "ಅಜ್ಜಿ ಕೈಯಲ್ಲಿನ ನರ ಕೂಡ ಎಣಿಸಬಹುದು, ಅಷ್ಟು ಚೆನ್ನಾಗಿ ಬರ್ತಿದೆ. ಪೆಟ್ಟಿಗೆ ಕಟ್ಟು."