ಬೆಡ್‌ಶೀಟಿನ ಮೇಲೆ ಎದ್ದ ಗುಡ್ಡ

ಮಲಗುವುದಕ್ಕೆ ಪ್ರತಿಭೆ ಬೇಕಿಲ್ಲ ಎಂದೇ ನಾನು ಮೊನ್ನೆಯವರೆಗೂ ನಂಬಿದ್ದೆ. ಸೊಂಡೂರು ಗುಡ್ಡದ ಅದಿರು ಗಣಿಯಲ್ಲಿ ನನ್ನ ಕೆಲಸ. ಪಾಳಿ ಮುಗಿಸಿ ಬಂದವನು ಜಳಕಕ್ಕೂ ಮೊದಲು ಮಂಚದ ಮೇಲೆ ಎಡಮಗ್ಗುಲಾಗಿ ಬಿದ್ದುಬಿಡುವುದು ನನ್ನ ಹಳೆಯ ಚಾಳಿ. ಆ ಕೆಂಪು ಧೂಳೋ, ಅಳಿಯನ ಮನೆಗೆ ಬಂದ ಬೀಗರ ಹಾಗೆ; ಬಂದದ್ದಷ್ಟೇ ಗೊತ್ತು, ಹೋದದ್ದನ್ನು ಯಾರೂ ಕಂಡಿಲ್ಲ. ನನ್ನ ಹೆಂಡತಿ ಗಿರಿಜಾ ಕಂಪ್ಲಿಯವಳು, ಹೊಳೆಯ ನೀರಲ್ಲಿ ಬಟ್ಟೆ ಬೆಳ್ಳಗೆ ಒಗೆದು ಬೆಳೆದವಳು. ನನ್ನ ಬೆಡ್‌ಶೀಟಿನ ಜೊತೆ ಅವಳದು ಮದುವೆಯಾದಂದಿನಿಂದ ಯುದ್ಧ. ಸೋಪು ಸವೆಯಿತು, ಬ್ರಷ್ಷು ಸವೆಯಿತು, ಕೆಂಪು ಸವೆಯಲಿಲ್ಲ. ತವರಿನವರು ಬಂದರೆ 'ಒಗೆಯೋದು ಮರೆತಾಳೆ' ಅಂದಾರೆಂದು ಅದನ್ನು ಟ್ರಂಕಿನಲ್ಲಿ ಬಚ್ಚಿಡುತ್ತಿದ್ದಳು.

ಚಿತ್ರಕಲೆ ಓದುವ ನನ್ನ ಅಣ್ಣನ ಮಗಳು ಸುಮಾ ಅದನ್ನು ಕೇಳಿದಾಗ, ಕುಂಚ ಒರೆಸಲು ಇರಬೇಕೆಂದು ಕೊಟ್ಟುಬಿಟ್ಟೆ. ಕೆಲವು ದಿನ ಬಿಟ್ಟು ಫೋನಿಗೆ ಫೋಟೋ ಬಂತು: ಹೊಸಪೇಟೆಯ ಪ್ರದರ್ಶನದಲ್ಲಿ, ಗೋಡೆಯುದ್ದಕ್ಕೂ, ನಮ್ಮ ಬೆಡ್‌ಶೀಟು!

"ಅಯ್ಯಯ್ಯೋ, ನನ್ನ ಮರ್ಯಾದಿ ತಂತಿ ಮ್ಯಾಲ ಹಾಕ್ಯಾಳಲ್ರೀ! ಊರ ಮಂದಿ ಮುಂದ ಹೆಂಗ ಮುಖ ತೋರ್ಸ್ಲಿ? ಜಲ್ದಿ ನಡೀರಿ, ಇಳಿಸ್ಕೊಂಡು ಬರೂಣು" ಎಂದು ಗಿರಿಜಾ ದೊಡ್ಡ ಚೀಲವನ್ನೇ ಹಿಡಿದು ಬಸ್ಸು ಹತ್ತಿದಳು.

ಪ್ರದರ್ಶನದ ಬಾಗಿಲಲ್ಲೇ ಇಬ್ಬರ ಕಾಲೂ ನಿಂತವು. ಕಿಟಕಿಯ ಬಿಸಿಲು ಬಟ್ಟೆಯ ಹಿಂದಿನಿಂದ ಬೀಳುತ್ತಿತ್ತು. ಮಲಗಿ ಮಲಗಿ ಮೂಡಿದ ನನ್ನ ಮೈಯ ಅಚ್ಚಿನಲ್ಲಿ ಭುಜ ಒಂದು ಶಿಖರ, ಪಕ್ಕೆ ಒಂದು ಇಳಿಜಾರು. ಕಡುಗೆಂಪಿನಿಂದ ತಿಳಿಗೆಂಪಿಗೆ ಪದರಪದರವಾಗಿ ಸಂಜೆಯ ಸೊಂಡೂರು ಗುಡ್ಡವೇ ಎದ್ದು ನಿಂತಿತ್ತು. ದಿನಾ ಒಡೆಯುವ ಗುಡ್ಡವನ್ನು ನಾನು ಒಮ್ಮೆಯೂ ತಲೆಯೆತ್ತಿ ನೋಡಿರಲಿಲ್ಲ.

ಪಕ್ಕದಲ್ಲಿದ್ದ ಹಿರಿಯರೊಬ್ಬರು, "ಭಾಳ ಚಂದ ಬಂದೈತ್ರೀ. ಮುಂದಕ್ಕ ಉಬ್ಬೈತಲ್ಲ, ಆ ಗುಡ್ಡ ನೋಡ್ರಿ!" ಎಂದರು. ಅದು ನನ್ನ ಹೊಟ್ಟೆ. ಜನ್ಮದಲ್ಲಿ ಮೊದಲ ಸಲ ಅದನ್ನು ಯಾರೋ ಹೊಗಳಿದ್ದರು. ಹೆಮ್ಮೆಯಿಂದ ಇನ್ನಷ್ಟು ಮುಂದೆ ಚಾಚಿ ನಿಂತೆ.

ಸುಮಾ ಅಂಜುತ್ತಲೇ ಬಂದಳು. "ಚಿಗಮ್ಮ, ನಾ ಬಣ್ಣ ಹಚ್ಚಿಲ್ಲ. ಚಿಗಪ್ಪ ಮೆತ್ತಿದ್ದು, ನೀವು ಒಗದದ್ದು, ಅಷ್ಟ. ನೀವು ತಿಕ್ಕಿದಲ್ಲೆಲ್ಲಾ ಬೆಳಕು ಬಂದೈತಿ. ಬ್ಯಾಡಂದ್ರ ಈಗ್ಲೇ ಇಳಸ್ತೀನಿ."

ಗಿರಿಜಾ ಚೀಲವನ್ನು ಸಣ್ಣಗೆ ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು. ಕಣ್ಣು ತುಂಬಿತ್ತು. "ಬ್ಯಾಡವ್ವಾ, ಇರ್ಲಿ. ಇಷ್ಟು ವರ್ಷ ನಾ ಒಗದದ್ದು ಗುಡ್ಡ ಅಂತ ಯಾರಿಗೆ ಗೊತ್ತಿತ್ತು!"

ಮರುದಿನ ಪಾಳಿ ಮುಗಿಸಿ ಬಂದೆ. ಮಂಚದ ಮೇಲೆ ಬೆಳ್ಳನೆಯ ಹೊಸ ಬೆಡ್‌ಶೀಟು. ನನಗೂ ಬುದ್ಧಿ ಬಂದಿತ್ತು. ನೇರ ಬಚ್ಚಲಿಗೆ ನಡೆದೆ. ಗಿರಿಜಾ ಬಾಗಿಲಿಗೆ ಅಡ್ಡ ನಿಂತಳು.

"ಜಳಕ ಆಮ್ಯಾಲೆ. ಈ ಸಲ ಬಲಮಗ್ಗಲಾಗಿ ಮಲಗ್ರಿ. ಹೊಟ್ಟಿ ಸ್ವಲ್ಪ ಒಳಗ ಎಳ್ಕೊಳ್ರಿ, ಬೆಡ್‌ಶೀಟು ಸಾಲಂಗಿಲ್ಲ!"